ಸಹಿ ಹಾಕದವರು

— ಮೇಡಂ, ಎಲ್ಲಾ ಕಾಗದ ತಂದಿದ್ದೀನಿ. ಎರಡು ಎಕರೆ ಹತ್ತು ಗುಂಟೆ. ನೆಲಮಂಗಲ ದಾಟಿ ಕುಣಿಗಲ್ ರಸ್ತೆಯಲ್ಲಿ ಹೋದರೆ ಎಡಗಡೆ ಸಿಗುತ್ತೆ. ಗೋದಾಮು ಕಟ್ಟಿದರೆ ಬಾಡಿಗೆಗೆ ತಗೊಳ್ಳೋಕೆ ಒಂದು ಕಂಪನಿಯವರು ಈಗಲೇ ತಯಾರಾಗಿದ್ದಾರೆ. ಶುಕ್ರವಾರ ಮುಂಗಡ ಕೊಟ್ಟು ಕ್ರಯದ ಕರಾರು ಮಾಡಿಕೊಳ್ಳೋಣ ಅಂತಿದ್ದೀವಿ. ನೀವು ಒಂದು ಲೀಗಲ್ ಒಪಿನಿಯನ್ ಬರೆದುಕೊಟ್ಟರೆ ಆಯ್ತು.

— ಮೊದಲು ಕೂತ್ಕೊಳಪ್ಪ. ನಿಮ್ಮಪ್ಪ ಅಂಗಡಿ ಇಟ್ಟಾಗ ಬಾಡಿಗೆ ಕರಾರು ಬರೆದವಳು ನಾನೇ. ಒಂದೊಂದು ಸಾಲನ್ನೂ ಎರಡೆರಡು ಸಲ ಓದಿಸಿಕೊಂಡೇ ಅವರು ಸಹಿ ಹಾಕಿದ್ದು. ಶುಕ್ರವಾರಕ್ಕೆ ಇನ್ನು ಮೂರೇ ದಿನ. ಇರಲಿ, ಮಾರ್ತಿರೋರು ಯಾರು?

— ಅಣ್ಣ ತಮ್ಮ ಇಬ್ಬರು. ಪಹಣಿ ಇಬ್ಬರ ಹೆಸರಿಗೂ ಜಂಟಿಯಾಗಿದೆ. ಋಣಭಾರ ಪತ್ರ, ಅದೇ ಇ.ಸಿ.ಯಲ್ಲಿ ಸಾಲ, ಅಡಮಾನ ಏನೂ ಇಲ್ಲ. ಬ್ರೋಕರ್ ಕಡೆಯ ಲಾಯರ್ ಕೂಡ ನೋಡಿ, ಎಲ್ಲಾ ಸರಿಯಾಗಿದೆ ಅಂತ ಬರೆದುಕೊಟ್ಟಿದ್ದಾರೆ. ನೋಡಿ, ಎರಡು ಹಾಳೆ.

— ಕೊಡು. ಹೂಂ. ಇದರಲ್ಲಿರೋದು ಅವರಿಗೆ ಕೊಟ್ಟ ಕಾಗದಗಳ ಪಟ್ಟಿ, ಆ ಕಾಗದಗಳಲ್ಲಿ ಸಹಿ ಹಾಕಿದವರ ಹೆಸರು. ಸಹಿ ಹಾಕಿದವರು ಯಾರು ಅಂತ ನೀನೇ ಓದಬಲ್ಲೆ, ಅದಕ್ಕೆ ವಕೀಲರು ಬೇಕಿಲ್ಲ. ಹಾಕಬೇಕಾಗಿತ್ತು, ಆದರೆ ಹಾಕಿಲ್ಲ ಅನ್ನುವವರು ಯಾರಾದರೂ ಇದ್ದಾರಾ? ನನ್ನ ಕೆಲಸ ಅದನ್ನು ಹುಡುಕೋದು.

— ರಿಜಿಸ್ಟ್ರೇಷನ್ ಆದ ಮೇಲೆ ಸರ್ಕಾರವೇ ಒಪ್ಪಿದ ಹಾಗಲ್ವಾ ಮೇಡಂ?

— ಅಲ್ಲ. ಸಬ್‌ರಿಜಿಸ್ಟ್ರಾರ್ ನೋಂದಾಯಿಸೋದು ಪತ್ರವನ್ನ, ಹಕ್ಕನ್ನಲ್ಲ. ಬಂದವರು ಯಾರು, ಸ್ಟಾಂಪ್ ಶುಲ್ಕ ಸರಿಯಾಗಿ ಕಟ್ಟಿದ್ದಾರಾ, ಸಹಿ ತಮ್ಮದೇ ಅಂತ ಒಪ್ಪಿದರಾ ಅಂತ ಅವರು ನೋಡ್ತಾರೆ. ಮಾರುವವನಿಗೆ ಮಾರೋ ಹಕ್ಕು ನಿಜವಾಗಿ ಇತ್ತಾ ಅನ್ನೋದಕ್ಕೆ ನಮ್ಮ ರಾಜ್ಯದಲ್ಲಿ ಯಾವ ಕಚೇರಿಯೂ ಜವಾಬು ಕೊಡಲ್ಲ. ಪಹಣಿಯೂ ಅಷ್ಟೇ. ಅದು ಕಂದಾಯದ ದಾಖಲೆ. ಅದರಲ್ಲಿರೋದು ಸರಿ ಅಂತ ಕೋರ್ಟು ಮೊದಲಿಗೆ ಭಾವಿಸುತ್ತೆ. ತಪ್ಪು ಅಂತ ಯಾರಾದರೂ ರುಜುವಾತು ಮಾಡಿದರೆ ಪಹಣಿ ನಿಲ್ಲೋದಿಲ್ಲ. ನಿನ್ನ ದುಡ್ಡಿಗೆ ಕಾವಲು ಅಂದರೆ ನೀನು ಕೊಳ್ಳೋ ಮುಂಚೆ ಮಾಡುವ ವಿಚಾರಣೆ ಒಂದೇ. ಈ ಮ್ಯುಟೇಶನ್ ನೋಡು. ತಂದೆ ತೀರಿಕೊಂಡಿದ್ದು 1998ರಲ್ಲಿ. ಪೌತಿ ಖಾತೆ ಆಗಿರೋದು ಇಬ್ಬರು ಗಂಡುಮಕ್ಕಳ ಹೆಸರಿಗೆ. ಆ ಮನೆಯಲ್ಲಿ ಹೆಣ್ಣುಮಕ್ಕಳು ಇಲ್ವಾ?

— ಒಬ್ಬರು ಅಕ್ಕ ಇದ್ದಾರಂತೆ. ಮಾಗಡಿ ಕಡೆ ಕೊಟ್ಟಿದ್ದಾರೆ. ಮದುವೆ ಚೆನ್ನಾಗಿ ಮಾಡಿಕೊಟ್ಟಿದ್ದಾರೆ, ಒಡವೆ ಹಾಕಿದ್ದಾರೆ, ಅವರದೇನೂ ತಕರಾರಿಲ್ಲ ಅಂದರು.

— ಅಂದವರು ಯಾರು?

— ತಮ್ಮಂದಿರು.

— ಅಕ್ಕ ಅನ್ನಲಿಲ್ಲ. ನೋಡು, ಈ ಜಮೀನು ಅಪ್ಪನ ಸ್ವಂತ ಸಂಪಾದನೆ ಅಂತ ಇಟ್ಟುಕೋ. ಆತ ವಿಲ್ ಬರೆಯದೆ ಸತ್ತಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಮಗನಿಗೆ ಎಷ್ಟೋ ಮಗಳಿಗೂ ಅಷ್ಟೇ. ಹೆಂಡತಿ ಇದ್ದರೆ ಅವಳಿಗೂ ಅಷ್ಟೇ. ಇದು ಹೊಸ ಕಾನೂನಲ್ಲ, ನಾನು ಹುಟ್ಟಿದ ಕಾಲದ್ದು. ಪಿತ್ರಾರ್ಜಿತ ಅಂತ ಇಟ್ಟುಕೊಂಡರೆ, 1994ರಲ್ಲೇ ಕರ್ನಾಟಕ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾಲು ಕೊಡ್ತು. ಆದರೆ ಅಷ್ಟರಲ್ಲಿ ಮದುವೆಯಾಗಿ ಹೋದವರನ್ನ ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಂದು ಕೇಂದ್ರದ ತಿದ್ದುಪಡಿ ಬಂದು ಆ ತಡೆ ತೆಗೀತು. ಆ ದಿನಕ್ಕೆ ಅಪ್ಪ ಬದುಕಿರಲೇಬೇಕು ಅಂತ ಕೆಲವು ತೀರ್ಪುಗಳಿದ್ದವು. 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬದುಕಿರಬೇಕಾಗಿಲ್ಲ, ಮಗಳ ಹಕ್ಕು ಹುಟ್ಟಿನಿಂದ ಬಂದದ್ದು ಅಂತ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನಡೆದ ಮಾರಾಟ, ನೋಂದಾಯಿತ ವಿಭಾಗ ಇವುಗಳನ್ನ ಮಾತ್ರ ಮುಟ್ಟೋ ಹಾಗಿಲ್ಲ. ಈ ಅಣ್ಣತಮ್ಮಂದಿರ ನಡುವೆ ಅಂಥ ವಿಭಾಗಪತ್ರ ಇದೆಯಾ?

— ಪೌತಿ ಖಾತೆ ಬಿಟ್ಟು ಬೇರೇನೂ ಇಲ್ಲ.

— ಹಾಗಾದರೆ ಆಕೆಗೆ ಪಾಲಿದೆ. ತಾಯಿ ಇದ್ದಾರಾ ಅಂತ ನೀನು ಕೇಳೇ ಇಲ್ಲ. ಕೇಳು.

— ಬ್ರೋಕರ್ ಒಂದು ದಾರಿ ಹೇಳಿದ್ದಾರೆ ಮೇಡಂ. ಅಕ್ಕನ ಹತ್ತಿರ ಒಪ್ಪಿಗೆ ಸಾಕ್ಷಿ ಅಂತ ಒಂದು ಸಹಿ ಹಾಕಿಸಿಕೊಂಡರೆ ಸಾಕಂತೆ.

— ನನಗೆ ಬಹಳ ಬೇಸರ ತರಿಸಿದ ಮಾತು ಅಂದರೆ ಇದೇ. ಹೊಲದ ಪಾಲುದಾರಳನ್ನ ಸಾಕ್ಷಿ ಅಂತ ಪತ್ರದ ಕೊನೆ ಪುಟದ ಮೂಲೆಗೆ ತಳ್ಳೋದು. ಮನೆ ಬಾಗಿಲಿಗೆ ಹೋಗಿ, ಏನು ಅಂತಲೂ ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸಿಕೊಂಡು ಬರೋದು. ಇಂಥ ಎಷ್ಟು ಪತ್ರ ನೋಡಿದ್ದೀನಿ ಅಂದರೆ ಲೆಕ್ಕ ಇಟ್ಟಿಲ್ಲ. ಹಾಗೆ ಮಾಡೋದಾದರೆ ನನ್ನ ಹತ್ತಿರ ಬರಬೇಡ. ಆಕೆಯನ್ನ ಮಾರುವವರಲ್ಲಿ ಒಬ್ಬಳಾಗಿ ಬರೆಯಬೇಕು. ಆಕೆಯ ಪಾಲಿನ ದುಡ್ಡು ಆಕೆಯ ಬ್ಯಾಂಕ್ ಖಾತೆಗೇ ಹೋಗಬೇಕು. ತಮ್ಮಂದಿರಿಗೆ ಬಿಟ್ಟುಕೊಡೋದು ಆಕೆಗೇ ಇಷ್ಟ ಅನ್ನು, ಆಗ ಹಕ್ಕು ಬಿಡುಗಡೆ ಪತ್ರ ಪ್ರತ್ಯೇಕವಾಗಿ ರಿಜಿಸ್ಟರ್ ಆಗಬೇಕು. ಅದನ್ನ ನಾನು ಆಕೆಗೆ ಓದಿ ಹೇಳ್ತೀನಿ.

— ಆಕೆ ಒಪ್ಪದೇ ಹೋದರೆ?

— ಆ ಜಮೀನು ಪೂರ್ತಿಯಾಗಿ ನಿನಗೆ ಸಿಗೋದಿಲ್ಲ. ಬೇರೆ ಜಮೀನು ನೋಡು.

— ಇಷ್ಟು ದಿನ ಸುಮ್ಮನಿದ್ದವರು ಮುಂದೆಯೂ ಸುಮ್ಮನಿರ್ತಾರೆ ಅಂತ...

— ಹೊಲದಲ್ಲಿ ರಾಗಿ ಬೆಳೆಯೋ ತನಕ ಸುಮ್ಮನಿರ್ತಾರೆ. ಗೋದಾಮಿನ ತಳಪಾಯ ಎದ್ದ ದಿನ ಆಕೆಯ ಮಗ ಬರ್ತಾನೆ, ಬರಬೇಕಾದ್ದೇ. ಪಾಲು ಕೇಳಿ ದಾವೆ ಹಾಕ್ತಾನೆ, ತಡೆಯಾಜ್ಞೆ ತರ್ತಾನೆ. ಬ್ಯಾಂಕಿನ ಬಡ್ಡಿಗೆ ತಡೆಯಾಜ್ಞೆ ಇಲ್ಲ, ಅದು ಓಡ್ತಾ ಇರುತ್ತೆ. ನಿನ್ನ ಹಿತಕ್ಕೂ ಆಕೆಯ ನ್ಯಾಯಕ್ಕೂ ಇಲ್ಲಿ ದಾರಿ ಒಂದೇ. ಮುಂದಿನದು ಕೇಳ್ತೀನಿ. 1998ಕ್ಕೆ ಮುಂಚೆ ಅವರಪ್ಪನಿಗೆ ಈ ಜಮೀನು ಹೇಗೆ ಬಂತು? ಮೂಲಪತ್ರ ಎಲ್ಲಿ?

— ಮೂಲಪತ್ರ ಇಲ್ಲ. ತಲೆತಲಾಂತರದ್ದು ಅಂದರು.

— ತಲೆತಲಾಂತರದ್ದು ಅನ್ನೋ ಪದದ ಕೆಳಗೆ ಏನೇನೋ ಇರುತ್ತೆ. ಇನಾಮು ರದ್ದತಿಯಲ್ಲಿ ಬಂದದ್ದು ಇರಬಹುದು. ಗೇಣಿದಾರನಾಗಿ ನಮೂನೆ 7 ಹಾಕಿ ಭೂ ನ್ಯಾಯಮಂಡಳಿಯಿಂದ ಪಡೆದದ್ದು ಇರಬಹುದು. ಸರ್ಕಾರ ದರಖಾಸ್ತಿನಲ್ಲಿ ಮಂಜೂರು ಮಾಡಿದ್ದು ಇರಬಹುದು. ನೀನು ತಂದಿರೋದು ಕಂಪ್ಯೂಟರ್ ಪಹಣಿ, 2000ದಿಂದ ಈಚಿನದು. ನನಗೆ ಬೇಕಾದ್ದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿರೋ ಕೈಬರಹದ ಪಹಣಿ. 1960ರ ದಶಕದಿಂದ ಒಂದು ವರ್ಷವೂ ಬಿಡದೆ ತೆಗೆಸು. ಒಂಬತ್ತನೇ ಕಾಲಂನಲ್ಲಿ ಮಾಲೀಕನ ಹೆಸರಿರುತ್ತೆ, ಎಲ್ಲರೂ ಅದನ್ನ ಓದಿ ಮುಗಿಸ್ತಾರೆ. ಹನ್ನೊಂದನೇ ಕಾಲಂನಲ್ಲಿ ಋಣ, ಷರತ್ತು. ಹನ್ನೆರಡನೇ ಕಾಲಂನಲ್ಲಿ ಆ ವರ್ಷ ಉತ್ತವರು ಯಾರು ಅಂತ ಇರುತ್ತೆ. 1974ರ ಮಾರ್ಚ್ 1ಕ್ಕೆ ಗೇಣಿದಾರ ಉಳುತ್ತಿದ್ದ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಅದಕ್ಕೆ ಸ್ವಲ್ಪ ಹಿಂದಿನ ವರ್ಷಗಳಲ್ಲಿ ಹನ್ನೆರಡನೇ ಕಾಲಂನಲ್ಲಿ ಬೇರೊಂದು ಹೆಸರು ಕಂಡರೆ ಅಲ್ಲಿ ನಿಲ್ಲಬೇಕು, ಅವನು ಅರ್ಜಿ ಹಾಕಿದ್ದನಾ, ಏನಾಯ್ತು ಅಂತ ನೋಡಬೇಕು. ಅವನೂ ಸಹಿ ಹಾಕದವರಲ್ಲಿ ಒಬ್ಬ.

— ಐವತ್ತು ವರ್ಷದ ಹಿಂದಿನದು ಈಗ ಯಾಕೆ ಬೇಕು ಮೇಡಂ? ಮೂವತ್ತು ವರ್ಷದ ಇ.ಸಿ. ನೋಡಿದರೆ ಸಾಲದಾ?

— ಒಂದು ಪ್ರಕರಣ ಹೇಳ್ತೀನಿ, ಕೇಳು. ನಾನು ಈ ಊರಿಗೆ ಬಂದ ಹೊಸತು. ಒಬ್ಬರು ಅಕ್ಕಿ ಗಿರಣಿ ಹಾಕೋಕೆ ಒಂದೂವರೆ ಎಕರೆ ನೋಡಿದ್ದರು. ಆಗೆಲ್ಲ ಹದಿಮೂರು ವರ್ಷದ ಇ.ಸಿ. ನೋಡೋ ರೂಢಿ. ನೋಡಿದೆ. ಮಾರುವವನು ಹತ್ತು ವರ್ಷದ ಹಿಂದೆ ರಿಜಿಸ್ಟರ್ ಪತ್ರದಲ್ಲೇ ಕೊಂಡಿದ್ದ. ಎಲ್ಲಾ ಸರಿಯಿದೆ ಅಂತ ಬರೆದುಕೊಟ್ಟೆ. ಗಿರಣಿ ಎದ್ದಿತು. ಎರಡನೇ ವರ್ಷ ಒಬ್ಬ ಮುದುಕಿ ಬಂದು ಗಿರಣಿಯ ಗೇಟಿನ ಮುಂದೆ ಕೂತಳು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರಲ್ಲಿ ಮಡಿಕೆ ಮಡಿಕೆಯಾಗಿ ಹರಿದ ಒಂದು ಸಾಗುವಳಿ ಚೀಟಿ. ಅವಳ ಗಂಡನಿಗೆ, ಪರಿಶಿಷ್ಟ ಜಾತಿಯವನು ಅಂತ, ಸರ್ಕಾರ ಆ ಜಮೀನು ಮಂಜೂರು ಮಾಡಿತ್ತು. ಅವನು ಯಾವುದೋ ಕಷ್ಟಕ್ಕೆ ಅದನ್ನ ಬಿಡಿಗಾಸಿಗೆ ಮಾರಿದ್ದ. ಮಂಜೂರಾತಿ ಅನ್ನೋದು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಬರೋದೇ ಇಲ್ಲಪ್ಪ. ಮೂವತ್ತಲ್ಲ, ನೂರು ವರ್ಷದ ಇ.ಸಿ. ತೆಗೆದರೂ ಅದು ಕಾಣೋದಿಲ್ಲ.

— ಪಿಟಿಸಿಎಲ್ ಕೇಸು.

— ಹೌದು. 1978ರ ಕಾಯ್ದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಮಂಜೂರಾದ ಜಮೀನನ್ನ ಸರ್ಕಾರದ ಅನುಮತಿ ಇಲ್ಲದೆ ಮಾರಿದರೆ ಆ ಮಾರಾಟವೇ ಅಸಿಂಧು. ಉಪವಿಭಾಗಾಧಿಕಾರಿ ಜಮೀನು ವಾಪಸ್ ಕೊಡಿಸಬಹುದು. ಸುಪ್ರೀಂ ಕೋರ್ಟು 1984ರಲ್ಲೇ ಆ ಕಾಯ್ದೆಯನ್ನ ಎತ್ತಿಹಿಡಿದಿದೆ. ಗಿರಣಿಯ ಜಾಗ ವಾಪಸ್ ಹೋಯ್ತು. ಗಿರಣಿಯವರು ನನಗೆ ಒಂದು ಮಾತೂ ಅನ್ನಲಿಲ್ಲ. ಅದೇ ನನಗೆ ಇವತ್ತಿಗೂ ಚುಚ್ಚುತ್ತೆ.

— ತಪ್ಪು ನಿಮ್ಮದಲ್ಲವಲ್ಲ. ಕಾಗದದಲ್ಲಿ ಇರಲಿಲ್ಲ.

— ನನ್ನದೇ. ತಾಲ್ಲೂಕು ಕಚೇರಿಗೆ ಹೋಗಿ ಮಂಜೂರಾತಿ ರಿಜಿಸ್ಟರ್ ತೆಗೆಸಿದ್ದರೆ ಅರ್ಧ ದಿನದ ಕೆಲಸ. ಊರೊಳಗೆ ಹೋಗಿ, ಈ ಹೊಲ ಮೊದಲು ಯಾರದ್ದು ಅಂತ ಕೇಳಿದ್ದರೆ ಅಷ್ಟೂ ಬೇಕಿರಲಿಲ್ಲ. ಊರಿಗೆಲ್ಲ ಗೊತ್ತಿತ್ತು. ಅವತ್ತಿಂದ ನಾನು ಜಮೀನು ಕಣ್ಣಾರೆ ನೋಡದೆ, ಅಕ್ಕಪಕ್ಕದ ಹೊಲದವರ ಹತ್ತಿರ ಮಾತಾಡದೆ ಅಭಿಪ್ರಾಯ ಬರೆದಿಲ್ಲ. ಇನ್ನೊಂದು ಮಾತು. ನಮ್ಮ ವೃತ್ತಿಯವರೇ ಈ ಕಾಯ್ದೆಯನ್ನ ದೊಡ್ಡ ತೊಡಕು ಅಂತ ಕರೀತಾರೆ. ಆ ಮುದುಕಿಗೆ ಅದೊಂದೇ ಆಸರೆಯಾಗಿತ್ತು. ಹೊಟ್ಟೆಗಿಲ್ಲದವನ ಕೈಗೆ ಕೊಟ್ಟ ನೆಲ ಮೊದಲ ಬರಗಾಲಕ್ಕೇ ಕೈಬಿಟ್ಟು ಹೋಗಬಾರದು ಅಂತ ಮಾಡಿದ ಕಾನೂನು ಅದು. ಸರಿಯಾದ ಕಾನೂನು. 2017ರಲ್ಲಿ ಸುಪ್ರೀಂ ಕೋರ್ಟು, ಜಮೀನು ವಾಪಸ್ ಕೇಳುವವರು ಸಮಂಜಸವಾದ ಕಾಲದೊಳಗೆ ಬರಬೇಕು ಅಂದಿತು, ಅದರಿಂದ ಹಳೆಯ ಅರ್ಜಿಗಳು ಬಿದ್ದುಹೋದವು. 2023ರಲ್ಲಿ ವಿಧಾನಮಂಡಲ ತಿದ್ದುಪಡಿ ತಂದು, ಕಾಲಮಿತಿ ಇಲ್ಲ ಅಂತು. ಆ ತಿದ್ದುಪಡಿಯ ಅರ್ಥದ ಮೇಲೂ ವಾದ ನಡೆದಿದೆ. ವಾದದಲ್ಲಿ ಗೆಲ್ಲಬಹುದು ಅಂತ ಜಮೀನು ಕೊಳ್ಳಬಾರದು.

— ಈಗ ಭೂಸುಧಾರಣೆ ಕಾಯ್ದೆ ಸಡಿಲ ಆಗಿದೆಯಲ್ಲ, ಯಾರು ಬೇಕಾದರೂ ಕೃಷಿ ಜಮೀನು ತಗೋಬಹುದು ಅಂತ.

— 2020ರಲ್ಲಿ 79ಎ, 79ಬಿ ಕಲಂ ಹೋದವು, ನಿಜ. ಬೇಸಾಯಗಾರ ಅಲ್ಲದವನೂ ಕೊಳ್ಳಬಹುದು. ಕೊಳ್ಳೋದು ಬೇರೆ, ಗೋದಾಮು ಕಟ್ಟೋದು ಬೇರೆ. ಕಟ್ಟೋದಕ್ಕೆ ಭೂಕಂದಾಯ ಕಾಯ್ದೆಯ 95ನೇ ಕಲಂ ಇದೆ. ಅದು ಕೇಳುವ ಭೂಪರಿವರ್ತನೆ ಆಗದೆ ಹೊಲದ ಮೇಲೆ ವಾಣಿಜ್ಯದ ಒಂದು ಶೆಡ್ಡೂ ಏಳೋ ಹಾಗಿಲ್ಲ. ವಾಸಕ್ಕೆ ಅಂತ ಪರಿವರ್ತನೆ ಆಗಿದ್ದರೆ ಅದು ವಾಸಕ್ಕೇ. ಅದಕ್ಕೂ ಮೊದಲು ಯೋಜನಾ ಪ್ರಾಧಿಕಾರದ ಮಾಸ್ಟರ್ ಪ್ಲಾನ್. ನಿನ್ನ ಸರ್ವೆ ನಂಬರು ಯಾವ ಬಣ್ಣದಲ್ಲಿದೆ ನೋಡಿದೆಯಾ?

— ಬಣ್ಣ?

— ನಕ್ಷೆಯಲ್ಲಿ ಹಳದಿ ಇದ್ದರೆ ವಾಸ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಹಸಿರು ಕೃಷಿ. ಹಸಿರಿನಲ್ಲಿದ್ದರೆ ಮೊದಲು ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಂನಲ್ಲಿ ಭೂಬಳಕೆ ಬದಲಾವಣೆಗೆ ಅರ್ಜಿ. ಅದಕ್ಕೆ ಸಾರ್ವಜನಿಕ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳ್ತಾರೆ. ಸಿಗಲೂಬಹುದು, ಸಿಗದೆಯೂ ಹೋಗಬಹುದು. ಗೋದಾಮು ಯಾವ ವಲಯದಲ್ಲಿ ನೇರವಾಗಿ ಸಲ್ಲುತ್ತೆ, ಎಲ್ಲಿ ವಿಶೇಷ ಅನುಮತಿ ಬೇಕು ಅನ್ನೋದು ವಲಯ ನಿಯಮದಲ್ಲಿದೆ. ಅದನ್ನ ಬಾಯಿಮಾತಲ್ಲಿ ಒಪ್ಪಬೇಡ, ಪ್ರಾಧಿಕಾರದಿಂದ ಬರಹದಲ್ಲಿ ತಗೋ. ಜೊತೆಗೆ ನಿನ್ನ ಜಾಗ ಇರೋದು ಕುಮುದ್ವತಿ ಹರಿಯೋ ಸೀಮೆ.

— ಅಲ್ಲೆಲ್ಲಿ ನದಿ ಮೇಡಂ, ಒಣಗಿದ ಹಳ್ಳ.

— ಶಿವಗಂಗೆಯಲ್ಲಿ ಹುಟ್ಟಿ ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿ ಸೇರುವ ನದಿ ಅದು. ಬೆಂಗಳೂರಿಗೆ ಕುಡಿಯೋಕೆ ನೀರು ಕೊಡಲಿ ಅಂತಲೇ ಆ ಸಂಗಮದಲ್ಲಿ 1933ರಲ್ಲಿ ಅಣೆಕಟ್ಟು ಕಟ್ಟಿ ಮುಗಿಸಿದರು. ಆ ಜಲಾಶಯ ಒಣಗ್ತಾ ಬಂತು ಅಂತಲೇ ಸರ್ಕಾರ 2003ರ ನವೆಂಬರ್‌ನಲ್ಲಿ ಇಡೀ ಜಲಾನಯನವನ್ನ ನಾಲ್ಕು ವಲಯ ಮಾಡಿ ಕಟ್ಟಡಗಳಿಗೆ ನಿರ್ಬಂಧ ಹಾಕಿತು. ಆಮೇಲೆ ಅದನ್ನ ಬದಲಾಯಿಸಿದರು. ಈಗಿನ ನಿಯಮದಲ್ಲಿ ನಿನ್ನ ಸರ್ವೆ ನಂಬರು ಎಲ್ಲಿ ಬೀಳುತ್ತೆ ಅಂತ ನೋಡಲೇಬೇಕು. ಗ್ರಾಮನಕ್ಷೆ ಬಿಡಿಸು ಇಲ್ಲಿ. ಈ ಎರಡು ಗೆರೆ ನೋಡು, ನಿನ್ನ ಜಮೀನಿನ ಮೂಲೆಯಲ್ಲಿ ಹಾದುಹೋಗಿದೆ.

— ಇದು ಹಳ್ಳವಾ? ಅಲ್ಲಿ ಈಗ ನೀಲಗಿರಿ ಹಾಕಿದ್ದಾರೆ.

— ಆಕಾರ್‌ಬಂದ್ ತೆಗೆಸಿ ನೋಡು, ಖರಾಬು ಎಷ್ಟಿದೆ ಅಂತ. ಎ ಖರಾಬು ಆದರೆ ಬೇಸಾಯಕ್ಕೆ ಬಾರದ ಕಲ್ಲು ನೆಲ. ಬಿ ಖರಾಬು ಆದರೆ ಹಳ್ಳ, ದಾರಿ, ಸ್ಮಶಾನ, ಅಂದರೆ ಎಲ್ಲರದು. ನಿನ್ನ ಬೇಲಿಯೊಳಗೆ ಇದ್ದರೂ ಅದನ್ನ ಮಾರೋ ಹಕ್ಕು ಆ ಅಣ್ಣತಮ್ಮಂದಿರಿಗಿಲ್ಲ. ಎರಡು ಎಕರೆ ಹತ್ತು ಗುಂಟೆಯಲ್ಲಿ ಆರು ಗುಂಟೆ ಹಳ್ಳವಾದರೆ ನೀನು ಆರು ಗುಂಟೆಗೆ ಸುಮ್ಮನೆ ದುಡ್ಡು ಕೊಟ್ಟ ಹಾಗೆ. ಹಳ್ಳ ಮುಚ್ಚಿ ಗೋದಾಮು ಕಟ್ಟಿದರೆ ಅದಕ್ಕಿಂತ ಕೆಟ್ಟದ್ದು. ಬೆಂಗಳೂರಿನಲ್ಲಿ ರಾಜಕಾಲುವೆಯ ಪಕ್ಕ ಎಷ್ಟು ಮೀಟರ್ ಬಿಡಬೇಕು ಅಂತ ಹಸಿರು ನ್ಯಾಯಮಂಡಳಿ 2016ರಲ್ಲಿ ಒಂದು ಅಳತೆ ಹೇಳಿತು, 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನ ತೆಗೆದುಹಾಕಿ ಮಾಸ್ಟರ್ ಪ್ಲಾನಿನ ಅಳತೆಯನ್ನೇ ಉಳಿಸಿತು. ಕೋರ್ಟಿನಲ್ಲಿ ಅಳತೆ ಬದಲಾಗಬಹುದು. ಮಳೆ ಬಂದಾಗ ನೀರು ತನ್ನ ಹಳೆಯ ದಾರಿಯಲ್ಲೇ ಬರುತ್ತೆ, ಕೆಳಗಿನ ಹೊಲದವನ ಮನೆಗೆ ನುಗ್ಗುತ್ತೆ. ಇಷ್ಟು ವರ್ಷದಲ್ಲಿ ಆ ಕೆಳಗಿನ ಹೊಲದವನ ಬಗ್ಗೆ ಒಂದು ಸಾಲಾದರೂ ಬರೆದ ಲೀಗಲ್ ಒಪಿನಿಯನ್ ನಾನು ನೋಡಿಲ್ಲ. ನಾನು ಬರೀತೀನಿ.

— ಹೆದ್ದಾರಿಗೆ ಹೊಂದಿಕೊಂಡಿರೋದರಿಂದ ದಾರಿಯ ತೊಂದರೆ ಇಲ್ಲ ಅಲ್ವಾ?

— ರಾಷ್ಟ್ರೀಯ ಹೆದ್ದಾರಿಯಿಂದ ಲಾರಿ ನುಗ್ಗೋ ದಾರಿ ತೆಗೆಯೋಕೆ ಹೆದ್ದಾರಿಯವರ ಅನುಮತಿ ಬೇಕು. ನಡುವೆ ಸರ್ಕಾರದ ಒಂದು ಚೂರು ಜಾಗ ಇದ್ದರೆ ಅದೂ ಒಂದು ಪ್ರಶ್ನೆ. ಹದ್ದುಬಸ್ತಿಗೆ ಅರ್ಜಿ ಹಾಕು, ಸರ್ವೆಯವರು ಬಂದು ಕಲ್ಲು ತೋರಿಸಲಿ. ಪಹಣಿಯಲ್ಲಿ ಪೈಕಿ ಅಂತಿದೆ, ಅಂದರೆ ಸರ್ವೆ ನಂಬರನ್ನ ಅಳೆದು ಬೇರೆ ಬೇರೆ ಮಾಡೋ ಪೋಡಿ ಆಗಿಲ್ಲ. ಪೋಡಿಯಾಗದ ಜಮೀನಿನಲ್ಲಿ ನಿನ್ನ ಎರಡು ಎಕರೆ ಎಲ್ಲಿಂದ ಎಲ್ಲಿಗೆ ಅಂತ ಯಾರೂ ಬೆರಳಿಟ್ಟು ತೋರಿಸೋಕಾಗಲ್ಲ.

— ಬ್ರೋಕರ್ ಹೇಳೋದು, ಅಷ್ಟರ ತನಕ ಜಿಪಿಎ ಮಾಡಿಕೊಂಡು ಸ್ವಾಧೀನ ತಗೊಂಡುಬಿಡಿ ಅಂತ.

— ಜಿಪಿಎ ಅಂದರೆ ಬರೀ ಅಧಿಕಾರ ಪತ್ರ, ಅದರಿಂದ ಮಾಲೀಕತ್ವ ಬರಲ್ಲ ಅಂತ ಸುಪ್ರೀಂ ಕೋರ್ಟು 2011ರ ಅಕ್ಟೋಬರ್‌ನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿದೆ. ಅದನ್ನ ಇನ್ನು ಚರ್ಚೆ ಮಾಡೋದು ಬೇಡ.

— ಕಂಪನಿಯವರು ಒಂಬತ್ತು ವರ್ಷಕ್ಕೆ ಬಾಡಿಗೆ ಅಂತಿದ್ದಾರೆ. ಹನ್ನೊಂದು ತಿಂಗಳ ಕರಾರು ಮಾಡಿಕೊಂಡು ನವೀಕರಿಸ್ತಾ ಹೋಗೋಣ ಅಂತ ನಾನು ಅಂದುಕೊಂಡಿದ್ದೆ.

— ಒಂದು ವರ್ಷ ಮೀರಿದ ಗುತ್ತಿಗೆ ರಿಜಿಸ್ಟರ್ ಆಗಲೇಬೇಕು. ಆಗದಿದ್ದರೆ ಒಂಬತ್ತು ವರ್ಷ ಅಂತ ಬರೆದುಕೊಂಡರೂ ಕೋರ್ಟಿನಲ್ಲಿ ಆ ಷರತ್ತುಗಳನ್ನ ಓದಿಸೋಕಾಗಲ್ಲ. ಅವರು ಹದಿನೈದು ದಿನದ ನೋಟಿಸ್ ಕೊಟ್ಟು ಎದ್ದುಹೋಗಬಹುದು, ನೀನು ಸಾಲ ತೀರಿಸ್ತಾ ಕೂರಬೇಕು. ಬಾಡಿಗೆ ಕಾಯ್ದೆಯ ಆಸರೆಯೂ ಇಲ್ಲಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ವ್ಯಾಪಾರದ ಜಾಗಕ್ಕೆ ಅನ್ವಯಿಸೋದು 14 ಚದರ ಮೀಟರ್ ಒಳಗಿದ್ದರೆ ಮಾತ್ರ. ನಿಮ್ಮ ಅಂಗಡಿಯೂ ಅದರೊಳಗೆ ಬರಲ್ಲ, ಗೊತ್ತಿರಲಿ. ಇನ್ನು ಕಂಪನಿಯ ವಕೀಲರು ಸಹಿ ಹಾಕೋ ಮುಂಚೆ ಇವತ್ತು ನಾನು ಕೇಳಿದ್ದನ್ನೆಲ್ಲ ಕೇಳೇ ಕೇಳ್ತಾರೆ. ಕಟ್ಟಡ ಎದ್ದ ಮೇಲೆ ಅವರಿಗೆ ಹೇಳೋ ಉತ್ತರವನ್ನ ಇಟ್ಟಿಗೆ ಇಳಿಸೋ ಮುಂಚೆಯೇ ಹುಡುಕಿಕೊಳ್ಳೋಣ.

— ನಿಮ್ಮ ಫೀಸು ಮೇಡಂ? ವ್ಯವಹಾರ ಮುಗಿದ ಮೇಲೆ ಶೇಕಡಾ ಇಷ್ಟು ಅಂತ ಕೊಡೋಣ ಅಂತ ಬ್ರೋಕರ್ ಅಂದರು.

— ಅದಕ್ಕೆ ನಾನು ಒಪ್ಪಲ್ಲ. ದಾವೆಯ ಫಲದ ಮೇಲೆ ಫೀಸು ನಿಲ್ಲಿಸಬಾರದು ಅಂತ ವಕೀಲರ ಪರಿಷತ್ತಿನ ನಿಯಮವೇ ಇದೆ. ನಿಯಮ ಬಿಡು, ನೀನೇ ಯೋಚಿಸು. ಮಾರಾಟ ನಡೆದರೆ ಮಾತ್ರ ದುಡ್ಡು ಅಂದರೆ ಬೇಡ ಅಂತ ಹೇಳೋಕೆ ಯಾವ ವಕೀಲನ ನಾಲಿಗೆ ಹೊರಳುತ್ತೆ? ಮಾರುವವನಿಗೂ ಕೊಳ್ಳುವವನಿಗೂ ಒಬ್ಬನೇ ವಕೀಲ ಇದ್ದರೆ ಮಾಗಡಿಯ ಅಕ್ಕನ ಹೆಸರು ಯಾರ ಬಾಯಲ್ಲಿ ಬರುತ್ತೆ? ನನ್ನ ಫೀಸು ಮೊದಲೇ ಹೇಳ್ತೀನಿ. ತಗೋ ಅಂದರೂ ಅಷ್ಟೇ, ಬೇಡ ಅಂದರೂ ಅಷ್ಟೇ.

— ಎಷ್ಟು ದಿನ ಬೇಕಾಗಬಹುದು?

— ಹಳೇ ಪಹಣಿ, ಮಂಜೂರಾತಿ ರಿಜಿಸ್ಟರ್, ಭೂ ನ್ಯಾಯಮಂಡಳಿ ಕಡತ, ಹದ್ದುಬಸ್ತು. ಎರಡು ಮೂರು ತಿಂಗಳು ಅಂತ ಇಟ್ಟುಕೋ. ಕೋರ್ಟಿನಲ್ಲಿ ದಾವೆ ಏನಾದರೂ ಇದೆಯಾ ಅಂತ ಹೆಸರು ಹಾಕಿ ನಾನೇ ನೋಡ್ತೀನಿ. ದಾವೆ ನಡೀತಿರುವಾಗ ಕೊಂಡರೆ ಬರೋ ತೀರ್ಪಿಗೆ ನೀನೂ ಕಟ್ಟುಬೀಳ್ತೀಯ. ಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆಯನ್ನ ಕನ್ನಡದಲ್ಲಿ ಕೊಡೋಣ, ಆ ಊರಿನವರು ಓದೋ ಪತ್ರಿಕೆಯಲ್ಲಿ. ಇಂಗ್ಲಿಷ್ ಪತ್ರಿಕೆಯ ಒಳಪುಟದಲ್ಲಿ ಹಾಕಿಸೋದು, ಯಾರಿಗೂ ಕಾಣದಿರಲಿ ಅಂತ ಹಾಕಿಸಿದ ಹಾಗೆ.

— ಅಷ್ಟರಲ್ಲಿ ಬೇರೆಯವರು ಕೊಂಡುಬಿಟ್ಟರೆ?

— ಕೊಳ್ಳಲಿ. ಅವರಿಗೂ ಆ ಅಕ್ಕನ ಸಹಿ ಬೇಕೇ ಬೇಕು.

— ಹಾಗಾದರೆ ಪಾರ್ಟಿಗೆ ಏನು ಹೇಳಲಿ?

— ಶುಕ್ರವಾರ ಮುಂಗಡ ಇಲ್ಲ ಅಂತ ಹೇಳು. ಕಾಗದ ನೋಡ್ತಿದ್ದೀವಿ, ಅಳತೆಗೆ ಅರ್ಜಿ ಹಾಕ್ತಿದ್ದೀವಿ ಅಂತ ಹೇಳು. ಭಾನುವಾರ ನಾನೂ ಬಿಡುವಾಗಿದ್ದೀನಿ. ಇಬ್ಬರೂ ಮಾಗಡಿಗೆ ಹೋಗೋಣ. ತಮ್ಮಂದಿರನ್ನ ಕರೆಯಬೇಡ. ಆಕೆಯನ್ನ ಆಕೆಯ ಮನೆಯಲ್ಲೇ ಕೂತು ಮಾತಾಡಿಸೋಣ.